ಬಣ್ಣ ಬಿಟ್ಟ ಕೈಗಳು

"ಚೀಲ ಮುಚ್ಚಬೇಡಿ. ಒಂದು ನಿಮಿಷ ಇರಿ."

ಬೈಂದುವಿನ ಮಾತಿಗೆ ಹೆಣ ಎತ್ತುವ ನಾಲ್ವರೂ ಬಗ್ಗಿದವರು ಬಗ್ಗಿದಂತೆಯೇ ನಿಂತರು. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಉಡುಪು, ಬೂಟಿನ ತುಂಬ ಬೆವರು. ಕೋಯಾಹುನ್ ಊರಿನ ಬಿಸಿಲಿನಲ್ಲಿ ಆ ಉಡುಪು ತೊಟ್ಟು ಅರ್ಧ ಗಂಟೆ ನಿಲ್ಲುವುದು ಹುಡುಗಾಟದ ಮಾತಲ್ಲ.

"ಟೀಚರಮ್ಮಾ, ಸತ್ತೋರಿಗೂ ಹಾಜರಿ ಕರೀತೀಯಾ? ನಮ್ಮ ಹುಡುಗರು ಒಳಗೇ ಬೆಂದುಹೋಗ್ತಾರೆ," ಎಂದ ವಾಂಡಿ. ಜಿಲ್ಲಾ ಊರಿನಿಂದ ಬಂದ ಸೂಪರ್‌ವೈಸರ್ ಅವನು. ವಯಸ್ಸು ಇಪ್ಪತ್ತೆಂಟು, ಸೊಂಟದಲ್ಲಿ ವೈರ್‌ಲೆಸ್ಸು, ನಾಲಿಗೆಯಲ್ಲಿ ಸದಾ ಒಂದು ಕುಟುಕು.

ಬೈಂದು ಹೆಣದ ಕೈಗಳನ್ನೇ ನೋಡುತ್ತಿದ್ದಳು.

ನಲವತ್ತೆರಡು ದಿನ ಒಬ್ಬರಿಗೂ ಜ್ವರ ಬಾರದಿದ್ದರೆ ಎಬೋಲಾ ತೊಲಗಿತೆಂದು ಸಾರುತ್ತಾರೆ. ಕೋಯಾಹುನ್ ಮೂವತ್ತೊಂಬತ್ತು ದಿನ ಎಣಿಸಿತ್ತು. ಇನ್ನು ಮೂರೇ ದಿನ ಎನ್ನುವಾಗ, ನಿನ್ನೆ ಸಂಜೆ, ಬಟ್ಟೆಗೆ ಬಣ್ಣ ಹಾಕುವ ಯೇಮಾ ಮೂಗು ಬಾಯಲ್ಲಿ ರಕ್ತ ಸುರಿದು ಸತ್ತಳು. ಅದೇ ಜ್ವರವೆಂದು ಇವತ್ತು ಬೆಳಿಗ್ಗೆ ಪರೀಕ್ಷೆಯ ಫಲ ಬಂತು. ಯೇಮಾ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಅವಳ ಮನೆಗೆ ಯಾರೂ ಬಂದಿರಲಿಲ್ಲ. ಹಾಗಾದರೆ ಜ್ವರ ಬಂದದ್ದು ಯಾರಿಂದ? ಹೋದದ್ದು ಯಾರಿಗೆ? ಅದನ್ನು ಪತ್ತೆ ಮಾಡುವುದೇ ಬೈಂದುವಿನ ಕೆಲಸ.

ಯೇಮಾಳ ಕೈಗಳನ್ನು ನೋಡದವರು ಊರಲ್ಲಿರಲಿಲ್ಲ. ಮೂವತ್ತು ವರ್ಷ ನೀಲಿಯ ಹಂಡೆಗೆ ಕೈ ಹಾಕಿ ಹಾಕಿ ಮೊಣಕೈಯವರೆಗೂ ಬಣ್ಣ ಹತ್ತಿಬಿಟ್ಟಿತ್ತು. ಮದುವೆಯ ದಿನವೂ ನೀಲಿ ಕೈಯಲ್ಲೇ ಗಂಡನಿಗೆ ಬಡಿಸಿದಳೆಂದು ಹೆಂಗಸರು ಈಗಲೂ ನಗುತ್ತಿದ್ದರು. ಹೆಣದ ಮೊಣಕೈ ಈಗಲೂ ನೀಲಿಯೇ. ಮಣಿಕಟ್ಟಿನಿಂದ ಕೆಳಕ್ಕೆ ಮಾತ್ರ ಬಣ್ಣ ಹಾರಿಹೋಗಿ, ಹುಟ್ಟಿದಂದಿನ ಚರ್ಮ ಒಡೆದು ಒಣಗಿ ಕಾಣುತ್ತಿತ್ತು. ಉಗುರುಗಳು ಬೆಳ್ಳಗಾಗಿದ್ದವು.

"ಈ ಕೈ ನೋಡು ವಾಂಡಿ."

"ಸೋಪು ಹಾಕಿ ಉಜ್ಜಿರ್ಬೇಕು."

"ನೀಲಿ ಸೋಪಿಗೆ ಹೋಗಲ್ಲ. ಕ್ಲೋರಿನ್‌ಗೆ ಹೋಗುತ್ತೆ. ಅದೂ ಬಾಗಿಲಲ್ಲಿ ಕೈ ತೊಳೆಯೋಕೆ ಇಡ್ತೀವಲ್ಲ, ಆ ಸಪ್ಪೆ ನೀರಿಗಲ್ಲ. ನೀವು ಹೆಣಕ್ಕೆ ಹೊಡೀತೀರಲ್ಲ, ಆ ಕಟುವಾದ ನೀರಿಗೆ."

ವಾಂಡಿಯ ಕುಟುಕು ಅಲ್ಲಿಗೆ ನಿಂತಿತು. "ಅಂದ್ರೆ?"

"ಅಂದ್ರೆ ಇವಳು ಮುಟ್ಟಬಾರದ್ದನ್ನ ಮುಟ್ಟಿದಾಳೆ. ಮುಟ್ತಾ ಇದೀನಿ ಅಂತ ಗೊತ್ತಿದ್ದೇ ಮುಟ್ಟಿದಾಳೆ."

ಬೈಂದು ಅಂಗಳದ ಆಚೆಗೆ ಹೋದಳು. ಸುಡಲೆಂದು ಯೇಮಾಳ ಬಟ್ಟೆಗಳನ್ನೆಲ್ಲ ಅಲ್ಲಿ ರಾಶಿ ಹಾಕಿದ್ದರು. ಎಲ್ಲವೂ ನೀಲಿ. ದಾರ ಬಿಗಿದು ಅದ್ದಿ ತೆಗೆದ ಬಿಳಿಯ ಉಂಗುರಗಳು, ಯೇಮಾಳ ಕೈಗೆ ಮಾತ್ರ ಬರುತ್ತಿದ್ದ ಉಂಗುರಗಳು. ನಡುವೆ ಒಂದೇ ಒಂದು ಬಟ್ಟೆ ಕಂದು ಬಣ್ಣದ್ದು. ಕೋಲಾ ಮರದ ಬೀಜದ ರಸದಲ್ಲಿ ಅದ್ದಿ, ಎಲೆಯ ಅಚ್ಚು ಒತ್ತಿದ್ದು. ನದಿಯಾಚೆಯ ಊರುಗಳಲ್ಲಿ ಹಾಗೆ ಮಾಡುತ್ತಾರೆ. "ಕೆಸರಲ್ಲಿ ಬಿದ್ದ ಬಟ್ಟೆ" ಎಂದು ಯೇಮಾ ಅದನ್ನು ಆಡಿಕೊಳ್ಳುತ್ತಿದ್ದಳು.

ಕುಂಬಾರನ ಮನೆಗೆ ಪಕ್ಕದೂರಿನ ಮಡಕೆ ಬರುವುದುಂಟೆ?

ಇಕ್ಕಳದಲ್ಲಿ ಎತ್ತಿ ನೋಡಿದಳು. ತಲೆಗೆ ಕಟ್ಟಲು ಅದು ತೀರ ಅಗಲ, ಸೊಂಟಕ್ಕೆ ಸುತ್ತಲು ಕಿರಿದು. ಒಂದು ಮೂಲೆಯಲ್ಲಿ ಬಿಗಿಯಾದ ಗಂಟು ಹಾಕಿತ್ತು. ಹೆಂಗಸರು ಕಾಸು ಕಟ್ಟಿಕೊಳ್ಳುವ ಹಾಗೆ. ಬೈಂದು ಬಟ್ಟೆಯನ್ನು ಕ್ಲೋರಿನ್ ಬಕೆಟ್ಟಿಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಹಿಂಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿದಳು. ಗಂಟು ಬಿಚ್ಚಲಿಲ್ಲ. ಬಿಚ್ಚುವಾಗ ಮುಂದೆ ಕುಳಿತಿರಬೇಕಾದವರು ಯಾರೆಂದು ಅವಳಿಗೆ ಆಗಲೇ ಗುಮಾನಿಯಿತ್ತು.

ಪಕ್ಕದ ಮನೆಯ ಮುದುಕ ಬೇಲಿಯ ಆಚೆಯಿಂದ ಕೂಗಿ ಹೇಳಿದ. "ನಾಲ್ಕು ದಿನದಿಂದ ಬಾಗಿಲು ಹಾಕ್ಕೊಂಡಿದ್ಲು ಕಣಮ್ಮ. ನೀರು ತಂದುಕೊಡ್ಲಾ ಅಂದ್ರೆ, ಹತ್ರ ಬಂದ್ರೆ ಕಲ್ಲಲ್ಲಿ ಹೊಡೀತೀನಿ ಅಂದ್ಲು. ಹುಚ್ಚು ಹಿಡೀತೇನೋ ಅಂದ್ಕೊಂಡೆ."

ಹುಚ್ಚಲ್ಲ. ಯೇಮಾ ಒಬ್ಬಳೇ ಸಾಯಲು ಬಾಗಿಲು ಹಾಕಿಕೊಂಡಿದ್ದಳು. ನೀರು ಕೊಡುವವರಿಲ್ಲದೆ, ಹಣೆ ಮುಟ್ಟುವವರಿಲ್ಲದೆ. ಅದು ಹೇಗಿರುತ್ತದೆಂದು ಬೈಂದುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಾಲ್ಕು ಗಂಟೆಗೆ ಸೈನ್ಯದ ಲಾರಿ ಬರುತ್ತೆ," ಎಂದ ವಾಂಡಿ, ಈಗ ತಗ್ಗಿದ ದನಿಯಲ್ಲಿ. "ಅಷ್ಟರಲ್ಲಿ ಇವಳ ಜೊತೆ ಯಾರ್‍ಯಾರಿದ್ರು ಅಂತ ಹೆಸರು ಕೊಟ್ರೆ ಆ ಮನೆಗಳಿಗೆ ಮಾತ್ರ ಹಗ್ಗ ಕಟ್ಟಿ ಒಳಗೇ ಇರಿಸ್ತೀವಿ. ಇಲ್ಲಾಂದ್ರೆ ಇಡೀ ಊರಿಗೆ. ಇಡೀ ಊರಿಗೆ ಅಂತ ಗೊತ್ತಾದ್ರೆ ಜನ ಕಾಡಿಗೆ ಓಡ್ತಾರೆ ಅಕ್ಕಾ. ಓಡಿದೋರ ಜೊತೆ ಜ್ವರಾನೂ ಓಡುತ್ತೆ."

ಗಡಿಯಾರ ಒಂದೂವರೆ ತೋರಿಸುತ್ತಿತ್ತು.

* * *

ಕಟುವಾದ ಕ್ಲೋರಿನ್ ಪುಡಿ ಊರಲ್ಲಿ ಇದ್ದದ್ದು ಎರಡೇ ಕಡೆ. ಹೆಣ ಎತ್ತುವವರ ಲಾರಿಯಲ್ಲಿ, ಮತ್ತು ಬೈಂದುವಿನ ಮನೆಯ ಡಬ್ಬಿಯಲ್ಲಿ.

ಆ ಡಬ್ಬಿಯಿಂದ ಒಂದು ಬಟ್ಟಲು ಪುಡಿಯನ್ನು ಹನ್ನೊಂದು ದಿನದ ಹಿಂದೆ ಅವಳೇ ತುಂಬಿ ಕೊಟ್ಟಿದ್ದಳು. ಕೇಳಲು ಬಂದವರು ಮಾಮಾ ತೆನ್ನೆ. ಆ ಕಡೆ ಮಾಮಾ ಎಂದರೆ ಅಮ್ಮ. ಊರಿನ ಹೆಂಗಸರ ಗುಪ್ತ ಸಂಘದ ಹಿರಿಯಳು, ಹುಡುಗಿಯರಿಗೆ ದೀಕ್ಷೆ ಕೊಡುವವಳು, ಸತ್ತ ಹೆಂಗಸರಿಗೆ ಸ್ನಾನ ಮಾಡಿಸುವವಳು. "ಸಂಘದ ಮನೆ ಮೆಟ್ಟಿಲು ತೊಳೀಬೇಕು ಮಗಳೇ," ಎಂದಿದ್ದರು. ಬೈಂದು ಯಾಕೆ, ಏನು ಎಂದು ಕೇಳಲೇ ಇಲ್ಲ.

ಕೇಳದಿದ್ದುದಕ್ಕೆ ಕಾರಣವಿತ್ತು. ಎಂಟು ತಿಂಗಳಲ್ಲಿ ಅವಳ ಮನೆಯ ಬಾಗಿಲಿಗೆ ಬಂದವರು ಅವರೊಬ್ಬರೇ.

ಎಂಟು ತಿಂಗಳ ಹಿಂದೆ ಬೈಂದು ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತಿದ್ದಳು. ಗಂಡ ಲಹಾಯ್, ಮಗ ಸೆನೆಸಿ, ಒಂದು ವರ್ಷದ ಮಗಳು ಕೇಮಾ. ಮೊದಲು ಮಗ ಹೋದ, ಅವಳ ತೊಡೆಯ ಮೇಲೆಯೇ. ಆಮೇಲೆ ಆಂಬುಲೆನ್ಸ್ ಬಂದು ಲಹಾಯ್‌ನನ್ನೂ ಕೂಸನ್ನೂ ಕರೆದೊಯ್ದಿತು. ಮಾರನೆಯ ದಿನ ಇನ್ನೊಂದು ಆಂಬುಲೆನ್ಸ್ ಅವಳನ್ನು ಇನ್ನೊಂದು ಕಡೆಯ ಚಿಕಿತ್ಸೆಯ ಡೇರೆಗೆ ಒಯ್ದಿತು. ಅವಳು ಬದುಕಿ ಬಂದಳು. ಗೇಟಿನ ಬಳಿ ಯಾರೋ ಪಟ್ಟಿ ಓದಿದರು. ಲಹಾಯ್ ಕಲ್ಲೋನ್, ಗುಂಡಿ ಸಂಖ್ಯೆ ನೂರ ಹದಿನೇಳು. ಕೂಸಿನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. "ಕೂಸಿಗೆ ಬೇರೆ ಗುಂಡಿ ಯಾಕೆ, ಅಪ್ಪನ ಪಕ್ಕದಲ್ಲೇ ಮಲಗಿಸಿರ್ತಾರೆ ಬಿಡಮ್ಮ," ಎಂದರು. ಅದನ್ನೇ ನಂಬಿ ಪ್ರತಿ ಶುಕ್ರವಾರ ನೂರ ಹದಿನೇಳರ ಮುಂದೆ ಕುಳಿತು ಬರುತ್ತಿದ್ದಳು.

ಬದುಕಿ ಬಂದವಳೆಂದು ಊರು ಹೊಗಳಿತು, ಸರಕಾರ ಜ್ವರದ ಜಾಡು ಹಿಡಿಯುವ ಕೆಲಸ ಕೊಟ್ಟಿತು. ಆದರೆ ಒಬ್ಬರೂ ಮುಟ್ಟಲಿಲ್ಲ. ಅಂಗಡಿಯವನು ಅವಳು ಕೊಟ್ಟ ನೋಟನ್ನು ಕಡ್ಡಿಯಲ್ಲಿ ತೆಗೆದುಕೊಳ್ಳುತ್ತಿದ್ದ. ಒಂದೇ ಬಟ್ಟಲಿಗೆ ಎಲ್ಲರೂ ಕೈ ಹಾಕಿ ಉಣ್ಣುವ ಊರಲ್ಲಿ ಅವಳಿಗೆ ಬೇರೆ ತಟ್ಟೆ. ಎಲ್ಲಕ್ಕಿಂತ ಕಷ್ಟವಾದದ್ದು ತಲೆಗೂದಲು. ಜಡೆ ಹೆಣೆಯಲು ಇನ್ನೊಬ್ಬರ ಕೈ ಬೇಕಲ್ಲ? ಎರಡು ತಿಂಗಳು ಕಾದಳು. ಆಮೇಲೆ ಕತ್ತರಿ ಹಿಡಿದು ತಾನೇ ಬೋಳು ಮಾಡಿಕೊಂಡಳು.

ಅಂಥ ಮನೆಯ ಬಾಗಿಲಿಗೆ ಮಾಮಾ ತೆನ್ನೆ ಬಂದು ನಗುನಗುತ್ತಾ ನಿಂತಾಗ ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಒಂದು ಬಟ್ಟಲು ಪುಡಿಯಲ್ಲ, ಇಡೀ ಡಬ್ಬಿ ಕೇಳಿದ್ದರೂ ಕೊಟ್ಟುಬಿಡುತ್ತಿದ್ದಳು.

* * *

ಸಂಘದ ಮನೆಯ ಸುತ್ತ ತಾಳೆಗರಿಯ ಬೇಲಿ. ಗಂಡಸರು ಅದರ ನೆರಳು ತುಳಿಯುವುದಿಲ್ಲ. ವಾಂಡಿ ಇಪ್ಪತ್ತು ಹೆಜ್ಜೆ ದೂರದಲ್ಲೇ ನಿಂತ.

"ಪೆನ್ನು, ಪುಸ್ತಕ ಆಚೆ ಇಟ್ಟು ಬಾ ಮಗಳೇ," ಎಂದು ಒಳಗಿನಿಂದ ದನಿ ಬಂತು. "ಇಲ್ಲಿ ಆಡಿದ್ದು ಕಾಗದಕ್ಕೆ ಹತ್ತಬಾರದು. ನಿನಗೂ ದೀಕ್ಷೆಯಾಗಿದೆ, ಮರೆತ್ಯಾ?"

ಬೈಂದು ಮರೆತಿರಲಿಲ್ಲ. ಪುಸ್ತಕವನ್ನೂ ಪೆನ್ನನ್ನೂ ಬೇಲಿಯ ಹೊರಗಿನ ಕಲ್ಲಿನ ಮೇಲಿಟ್ಟಳು. ಮುಖಗವಸು, ಕೈಗವಸು ತೆಗೆಯಲಿಲ್ಲ. ಚೀಲ ಹಿಡಿದು ಒಳಗೆ ಹೋದಳು.

ಮಾಮಾ ತೆನ್ನೆ ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಅರವತ್ತು ದಾಟಿದ್ದರೂ ಸೊಂಟ ಬಗ್ಗಿರದ ಹೆಂಗಸು. ಇವತ್ತು ಗೋಡೆಯ ಆಸರೆ ಬೇಕಾಗಿತ್ತು. ಪಕ್ಕದಲ್ಲಿ ನೀರಿನ ಚೊಂಬು, ಒಂದು ಪುಟ್ಟ ಬಟ್ಟಲಲ್ಲಿ ಹಿಸುಕಿದ ಅನ್ನದ ಗಂಜಿ, ಅದರಲ್ಲೊಂದು ಪುಟ್ಟ ಚಮಚ.

"ಊಟ ಆಯ್ತಾ ಮಾಮಾ?"

"ಹೊಟ್ಟೆ ಸರಿಯಿಲ್ಲ. ಗಂಜಿ ಕುಡೀತಿದೀನಿ. ದೂರ ಕೂತ್ಕೋ."

ಎಲ್ಲರೂ ಅವಳಿಗೆ ಹೇಳುವ ಮಾತು ಅದೇ. ಬೈಂದು ದೂರವೇ ಕುಳಿತಳು.

"ಯೇಮಾಳ ಕೈ ನೋಡಿ ಬಂದೆ. ಬಣ್ಣ ಬಿಟ್ಟಿತ್ತು."

"ಸಾವು ಬಂದಾಗ ಬಣ್ಣ ಏನು, ಪ್ರಾಣಾನೇ ಬಿಡುತ್ತೆ."

"ನಾನು ಕೊಟ್ಟ ಪುಡೀಲಿ ಎಷ್ಟು ಮೆಟ್ಟಿಲು ತೊಳೆದ್ರಿ? ನಿಮ್ಮ ಈ ಮನೆಗೆ ಮೆಟ್ಟಿಲೇ ಇಲ್ವಲ್ಲ ಮಾಮಾ. ಆವತ್ತೇ ಹೊಳೀಬೇಕಿತ್ತು ನನಗೆ. ನಾನೊಬ್ಬಳು ಪೆದ್ದಿ, ಯಾರೋ ಬಾಗಿಲಿಗೆ ಬಂದ್ರಲ್ಲ ಅಂತ ಸಂತೋಷಪಟ್ಟೆ."

ಮುದುಕಿಗೆ ಒಂದು ಬಿಕ್ಕಳಿಕೆ ಬಂತು. ಚೊಂಬು ಎತ್ತಿ ನೀರು ಕುಡಿದರು.

"ಯಾರ ಹೆಣ ತೊಳೆದ್ರಿ?"

"ಯಾರದ್ದೂ ಇಲ್ಲ."

ಬೈಂದು ಚೀಲದಿಂದ ಕಂದು ಬಟ್ಟೆ ತೆಗೆದು ಚಾಪೆಯ ಮುಂದೆ ಹರಡಿದಳು. "ಸತ್ತವಳ ಬಟ್ಟೇನ ತೊಳೆದೋರು ಹಂಚಿಕೊಳ್ಳೋದು ನಮ್ಮ ಪದ್ಧತಿ. ಇದು ಯೇಮಾಳ ಪಾಲಿಗೆ ಬಂದಿದ್ದು. ಕೈಗೆ ಕ್ಲೋರಿನ್ ಹಾಕ್ಕೊಂಡ್ರಿ, ಸರಿ. ಚರ್ಮ ಸುಡೋವಷ್ಟು ಹಾಕ್ಕೊಂಡ್ರಿ. ಆಮೇಲೆ ಸತ್ತವಳ ಬೆವರು, ರಕ್ತ ಹತ್ತಿದ ಬಟ್ಟೇನ ಮನೆಗೆ ಒಯ್ದು ಹೊದ್ಕೊಂಡ್ರಿ. ಅಲ್ವಾ?"

ಮಾಮಾ ತೆನ್ನೆ ಬಟ್ಟೆಯನ್ನು ನೋಡಿದರು. ಮುಖ ಒಮ್ಮೆಲೇ ಮುದಿಯಾಯಿತು.

"ಬಟ್ಟೇಲೂ ಇರುತ್ತಾ ಅದು?" ಎಂದರು. ಆ ಪ್ರಶ್ನೆಯಲ್ಲಿ ಕಪಟವಿರಲಿಲ್ಲ. "ಕೈಗೆ ಹಾಕ್ಕೊಂಡ್ರೆ ಸಾಕು ಅಂದ್ಕೊಂಡ್ವಲ್ಲೇ. ಎಲ್ಲಾ ಕಡೆ ಕೈ ತೊಳೀರಿ, ಕೈ ತೊಳೀರಿ ಅಂತ ಬರೆದು ಹಾಕಿದ್ರಲ್ಲೇ ನೀವು."

ಶಾಲೆಯ ಗೋಡೆಯ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆದವಳು ಬೈಂದುವೇ.

"ಆಂಬುಲೆನ್ಸಿಗೆ ಫೋನ್ ಮಾಡ್ಬೇಕಿತ್ತು ನೀವು."

"ಮಾಡಿದ್ರೆ? ಚೀಲಕ್ಕೆ ತುಂಬಿ, ನಂಬರು ಹಾಕಿ, ಹೂತುಬಿಡ್ತಿದ್ರಿ. ತೊಳೆಯದ ಹೆಣ ನೀರು ದಾಟಲ್ಲ ಮಗಳೇ. ಈ ದಡದಲ್ಲೇ ಅಲೀತಾ ಇರುತ್ತೆ, ಅತ್ತ ಹಿರಿಯರ ಊರಿಗೂ ಇಲ್ಲ, ಇತ್ತ ನಮಗೂ ಇಲ್ಲ. ನಿನ್ನ ಮಗನ್ನ ಯಾರು ತೊಳೆದ್ರು? ಹೇಳು. ನಿನಗೆ ರಾತ್ರಿ ನಿದ್ದೆ ಬರುತ್ತಾ?"

ಆ ಮಾತು ಬೈಂದುವಿಗೆ ಚುಚ್ಚಿತು. ಎದ್ದು ಹೊರಟುಹೋಗಬೇಕೆನಿಸಿತು. ಅಷ್ಟರಲ್ಲಿ ಇನ್ನೊಂದು ಬಿಕ್ಕಳಿಕೆ ಕೇಳಿಸಿತು. ಮತ್ತೊಂದು. ಮತ್ತೆ ನೀರಿನ ಚೊಂಬು.

ಬೈಂದು ಏಳದೆ ಮುದುಕಿಯ ಮುಖವನ್ನೇ ನೋಡಿದಳು.

ಡೇರೆಯೊಳಗೆ ಆ ಸದ್ದನ್ನು ಅವಳು ಹದಿನಾರು ದಿನ ಕೇಳಿದ್ದಳು. ಅಲ್ಲಿ ಕೆಮ್ಮಿದವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಿಕ್ಕಳಿಕೆ ಹಿಡಿದರೆ ಸಾವು ಹತ್ತಿರವೆಂದು ಎಲ್ಲರೂ ಆ ಮಂಚದ ಕಡೆಗೆ ತಿರುಗುತ್ತಿದ್ದರು.

"ಎಷ್ಟು ಹೊತ್ತಿನಿಂದ ಮಾಮಾ, ಈ ಬಿಕ್ಕಳಿಕೆ?"

"ಬೆಳಿಗ್ಗೆ ಒಣ ಮರಗೆಣಸು ತಿಂದೆ..."

"ಮಾಮಾ."

"ನಿನ್ನೆಯಿಂದ."

ಬೈಂದು ಜ್ವರ ನೋಡುವ ಯಂತ್ರ ತೆಗೆದು ದೂರದಿಂದಲೇ ಅವರ ಹಣೆಗೆ ಹಿಡಿದಳು. ಮೂವತ್ತೆಂಟು ಪಾಯಿಂಟ್ ಒಂಬತ್ತು, ಜೋರು ಜ್ವರ. ಆಗ ಗಮನಿಸಿದಳು, ಮುದುಕಿಯ ಕಣ್ಣುಗಳು ಕೆಂಪಗಿದ್ದವು. ದೂರ ಕೂತ್ಕೋ ಎಂದದ್ದು ಇವಳಿಗೆ ಹೆದರಿ ಅಲ್ಲ, ಇವಳನ್ನು ಉಳಿಸುವುದಕ್ಕೆ.

ನಿಯಮದ ಪ್ರಕಾರ ಅವಳು ಎದ್ದು ಹೊರಗೆ ಹೋಗಿ ವಾಂಡಿಯನ್ನು ಕೂಗಬೇಕಾಗಿತ್ತು. ಅವಳು ಹಾಗೆ ಮಾಡಲಿಲ್ಲ. ಚಾಪೆಯ ಬಳಿಗೆ ಸರಿದು, ಬಲಗೈಯ ಗವಸು ಕಿತ್ತು ಹಾಕಿ, ಮುದುಕಿಯ ಕೈಯನ್ನು ಹಿಡಿದುಕೊಂಡಳು. ಆ ಕೈ ಕಾದ ಹಂಚಿನಂತಿತ್ತು, ಉಗುರುಗಳು ಬಿಳಿಚಿದ್ದವು.

"ಏಯ್, ಬಿಡು! ಹುಚ್ಚೇನೇ ನಿನಗೆ?"

"ನನಗೆ ಇನ್ನೊಂದು ಸಲ ಬರಲ್ಲ ಮಾಮಾ. ಈ ಊರಲ್ಲಿ ನಿಮ್ಮನ್ನ ಹೆದರದೆ ಮುಟ್ಟೋಳು ನಾನೊಬ್ಬಳೇ."

ಬೈಂದುವಿನ ಕಣ್ಣಲ್ಲಿ ನೀರು ಬಂತು. ಎಂಟು ತಿಂಗಳಾದ ಮೇಲೆ ಇನ್ನೊಂದು ಮನುಷ್ಯ ಜೀವದ ಕೈ ಅವಳ ಕೈಯಲ್ಲಿತ್ತು. ಅದು ಸಾಯುತ್ತಿರುವವಳ ಕೈ ಎಂಬುದು ಬೇರೆ ಮಾತು. ಕೈ ಬೆಚ್ಚಗಿತ್ತು, ಅವಳಿಗೆ ಅಷ್ಟೇ ಸಾಕಾಗಿತ್ತು.

"ತಲೆ ಬೋಳಿಸ್ಕೊಂಡುಬಿಟ್ಟಿದೀಯಲ್ಲೇ," ಎಂದರು ಮಾಮಾ ತೆನ್ನೆ. "ನಮ್ಮ ಹತ್ರ ಬಂದಿದ್ರೆ ನಾನು ಹೆಣೀತಿರ್ಲಿಲ್ವಾ?"

"ಹೆಸರು ಹೇಳಿ ಮಾಮಾ. ಹೆಣ ತೊಳೆದೋರು ಎಷ್ಟು ಜನ? ಇವತ್ತು ಹೇಳಿದ್ರೆ ಅವರು ಉಳೀಬಹುದು. ಬೇಗ ಡೇರೆಗೆ ಹೋದೋರಲ್ಲಿ ಅರ್ಧಕ್ಕರ್ಧ ಜನ ವಾಪಸ್ಸು ಬರ್ತಾರೆ. ಯೇಮಾ ಥರ ಬಾಗಿಲು ಹಾಕ್ಕೊಂಡ್ರೆ ಒಬ್ಬರೂ ಬರಲ್ಲ."

ಮುದುಕಿ ಕಣ್ಣು ಮುಚ್ಚಿಕೊಂಡು ಹೇಳಿದರು. "ಯೇಮಾ. ನಾನು. ಮತ್ತೆ ಭತ್ತ ಕುಟ್ಟೋ ಮನೆಯ ಕಾಡಿ. ಮೂರೇ ಜನ. ಕಾಡಿ ಬಟ್ಟೆ ತಗೊಳ್ಳಲಿಲ್ಲ, ಅವಳಿಗಿನ್ನೂ ಏನೂ ಆಗಿಲ್ಲ."

"ಇನ್ಯಾರೂ ಇಲ್ವಾ?"

"ಇನ್ನು ಯಾರನ್ನೂ ನಿನ್ನ ಪುಸ್ತಕಕ್ಕೆ ಕೊಡಲ್ಲ."

"ಅಂದ್ರೆ ಇದಾರೆ."

"ಇಲ್ಲ ಅಂದ್ನಲ್ಲ!" ದನಿ ಏರಿತು, ಬಿಕ್ಕಳಿಕೆ ಬಂದು ಮುರಿಯಿತು.

"ಸತ್ತವಳು ಯಾರು?"

"ನದಿಯಾಚೆಯೋಳು. ನ್ಯಾಂದೆ ಅಂತ. ಎಳೇ ಹುಡುಗಿ. ಹದಿನಾಲ್ಕು ದಿನದ ಹಿಂದೆ ದೋಣೀಲಿ ಬಂದ್ಲು, ಬರೋವಾಗಲೇ ಮೈ ಬಿಸಿ. ಮೂರನೇ ದಿನ ಹೋದ್ಲು."

"ಅವಳಿಗೆ ಯಾರಿಂದ ಬಂತು? ನದಿಯಾಚೆ ಎರಡು ತಿಂಗಳಿಂದ ಒಂದು ಜ್ವರಾನೂ ಇಲ್ಲ."

ಮಾಮಾ ತೆನ್ನೆ ಕಂದು ಬಟ್ಟೆಯ ಗಂಟನ್ನು ನೋಡಿದರು. "ಅದನ್ನ ಬಿಚ್ಚಬೇಡ. ಯೇಮಾಗೂ ಹೇಳಿದ್ದೆ, ಬಿಚ್ಚದೆ ಇಟ್ಟಿರು ಅಂತ. ನಾನು ಸತ್ತ ಮೇಲೆ ಬಿಚ್ಚು."

ಬಿಚ್ಚಬೇಡ ಎಂದರೆ ಬಿಡುವ ಕೆಲಸವೇ ಅವಳದು? ಬೈಂದು ಗವಸು ತೊಟ್ಟು ಗಂಟಿಗೆ ಕೈ ಹಾಕಿದಳು. ಒದ್ದೆಯಾಗಿ ಬಿಗಿದಿತ್ತು. ಒಳಗೆ ಒಂದು ಕೋಲಾ ಬೀಜ, ಮತ್ತು ಪ್ಲಾಸ್ಟಿಕ್ಕಿನಲ್ಲಿ ಮಡಚಿಟ್ಟ ಕಾಗದ. ಅಂಥ ಕಾಗದ ಅವಳ ಹತ್ತಿರವೂ ಒಂದಿತ್ತು. ಡೇರೆಯಿಂದ ಬದುಕಿ ಹೊರಟವರಿಗೆ ಕೊಡುವ ಪ್ರಮಾಣಪತ್ರ. ಕಾವಲುಕಟ್ಟೆಗಳಲ್ಲಿ ಅದನ್ನು ತೋರಿಸದಿದ್ದರೆ ಒಳಗೆ ಬಿಡುವುದಿಲ್ಲ.

ಹೆಸರಿನ ಜಾಗದಲ್ಲಿ ಬರೆದಿತ್ತು: ಲಹಾಯ್ ಕಲ್ಲೋನ್. ವಯಸ್ಸು ನಲವತ್ತೊಂದು. ಊರು ಕೋಯಾಹುನ್.

ಬೈಂದು ಅದನ್ನು ಮೂರು ಸಲ ಓದಿದಳು. ಬಿಡುಗಡೆಯ ತಾರೀಖು, ಗೇಟಿನಲ್ಲಿ ಅವನ ಸಾವಿನ ಪಟ್ಟಿ ಓದಿದ ದಿನಕ್ಕಿಂತ ಹನ್ನೊಂದು ದಿನ ನಂತರದ್ದು.

"ಬದುಕಿದಾನೆ. ಆ ಗುಂಡೀಲಿ ಇರೋದು ಇನ್ಯಾರೋ," ಎಂದರು ಮಾಮಾ ತೆನ್ನೆ. "ನೀನೂ ಹೋದೆ ಅಂತ ಅವನಿಗೆ ಯಾರೋ ಹೇಳಿದ್ರಂತೆ. ಈ ಊರು ನೋಡೋಕೆ ಧೈರ್ಯ ಬರದೆ ಆಚೆ ದಡದಲ್ಲೇ ಉಳಿದ. ಈ ಹುಡುಗಿ ಜೊತೆ ಸಂಸಾರ ಮಾಡಿದ. ಸಂತೇಲಿ ಯಾರೋ ಇವಳಿಗೆ ಹೇಳಿದ್ರು, ಅವನ ಹಿರೀ ಹೆಂಡತಿ ಬದುಕಿದಾಳೆ ಕಣೇ ಅಂತ. ಇವಳು ಗಂಡನಿಗೆ ಹೇಳದೆ, ಅವನ ಕಾಗದ ತಗೊಂಡು ಹೊರಟಳು. ಆ ಕೋಲಾ ಬೀಜ ಮರ್ಯಾದೆಗೆ ಅಂತ ನಿನಗೆ ತಂದಿದ್ದು. ಅಕ್ಕನ ಕೈಗೆ ಕೊಟ್ಟು, ಅಕ್ಕ ಒಪ್ಪಿದ್ರೆ ಮಾತ್ರ ಮನೇಲಿ ಇರ್ತೀನಿ ಅಂದ್ಲು. ಅಂಥ ಮಗು ಅದು. ನಿನ್ನ ಮನೆ ದಾರಿ ಕೇಳೋಕೆ ಇಲ್ಲಿ ಕೂತ್ಲು, ಏಳಲೇ ಇಲ್ಲ."

ಬೈಂದುವಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಜ್ವರ ಗುಣವಾಗಿ ಹೊರಬಂದ ಗಂಡಸಿನ ವೀರ್ಯದಲ್ಲಿ ಅದು ತಿಂಗಳುಗಟ್ಟಲೆ ಅಡಗಿ ಕುಳಿತಿರುತ್ತದೆಂದು ತರಬೇತಿಯಲ್ಲಿ ಹೇಳಿದ್ದರು. ಅವನಿಗೆ ಗೊತ್ತೂ ಆಗುವುದಿಲ್ಲ. ಮೈ ಗಟ್ಟಿಯಾಗಿರುತ್ತದೆ, ಹೊಲಕ್ಕೆ ಹೋಗುತ್ತಾನೆ, ಹೆಂಡತಿಯ ಪಕ್ಕ ಮಲಗುತ್ತಾನೆ. ಸರಪಳಿಯ ಮೊದಲ ಕೊಂಡಿ ಹುಡುಕುತ್ತಾ ಬಂದವಳಿಗೆ ಸಿಕ್ಕಿದ್ದು ಸ್ವಂತ ಗಂಡ.

ಸಂತೋಷಪಡಬೇಕೋ ಎದೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು.

"ಕೂಸು? ಕೇಮಾ? ಅವನ ಜೊತೆಗೇ ಹೋಗಿದ್ಲು ಮಾಮಾ. ಆ ಹುಡುಗಿ ಏನಾದ್ರೂ ಹೇಳಿದ್ಲಾ?"

ಮಾಮಾ ತೆನ್ನೆ ಮುಖ ತಿರುಗಿಸಿ ನೀರಿನ ಚೊಂಬು ಹುಡುಕಿದರು. ಚೊಂಬು ಕಣ್ಣೆದುರೇ ಇತ್ತು.

"ಕೂಸಿನ ಮಾತು ಎತ್ತಲಿಲ್ಲ," ಎಂದರು.

ಬೈಂದು ತಲೆ ತಗ್ಗಿಸಿದಳು. ಒಂದು ಕ್ಷಣ ಚಿಗುರಿದ ಆಸೆ ಅಲ್ಲೇ ಬಾಡಿತು. ಹೊರಗೆ ಬಂದು ಕ್ಲೋರಿನ್ನಿನಲ್ಲಿ ಕೈ ತೊಳೆದು, ಕಲ್ಲಿನ ಮೇಲಿದ್ದ ಪುಸ್ತಕ ತೆಗೆದುಕೊಂಡಳು.

* * *

ಮೂರು ಗಂಟೆಗೆ ಆಂಬುಲೆನ್ಸ್ ಬಂತು. ಮಾಮಾ ತೆನ್ನೆ ಯಾರ ಆಸರೆಯನ್ನೂ ಪಡೆಯದೆ ನಡೆದೇ ಹತ್ತಿದರು. ಕಾಡಿಯ ಮನೆಗೆ ಹಗ್ಗ ಕಟ್ಟಿದರು. ಸೈನ್ಯದ ಲಾರಿಯನ್ನು ವಾಂಡಿ ವೈರ್‌ಲೆಸ್ಸಿನಲ್ಲಿ ದಾರಿಯಿಂದಲೇ ಹಿಂದಿರುಗಿಸಿದ.

"ಊರು ಉಳಿಸಿಬಿಟ್ಟೆ ಅಕ್ಕಾ," ಎಂದ. ಕೈ ಕುಲುಕುವ ಹಾಗಿಲ್ಲದ್ದರಿಂದ ಎದೆಯ ಮೇಲೆ ಕೈಯಿಟ್ಟು ಬಗ್ಗಿದ. ಬೈಂದು ಪುಸ್ತಕದಲ್ಲಿ ಹೆಸರುಗಳನ್ನು ಬರೆಯುತ್ತಿದ್ದಳು. ಒಂದು, ಯೇಮಾ. ಎರಡು, ತೆನ್ನೆ. ಮೂರು, ಕಾಡಿ. ಹೆಣ ಮುಟ್ಟಿ ಎಲ್ಲರಿಗೂ ಹನ್ನೊಂದನೆಯ ದಿನ. ಕಾಡಿಯನ್ನು ಇಪ್ಪತ್ತೊಂದು ದಿನ ಮುಗಿಯುವವರೆಗೆ ಕಾಯಬೇಕು, ಅಷ್ಟರಲ್ಲಿ ಜ್ವರ ಬಾರದಿದ್ದರೆ ಪಾರು.

ವೈರ್‌ಲೆಸ್ಸು ಮತ್ತೆ ಕರ್ರೆಂದಿತು. ದೋಣಿಕಟ್ಟೆಯ ಕಾವಲಿನವನು. ಆಚೆ ದಡದಿಂದ ಒಬ್ಬ ಗಂಡಸು ಬಂದಿದ್ದಾನೆ, ಜ್ವರವಿಲ್ಲ, ಆದರೆ ಬದುಕಿ ಬಂದವನೆಂಬ ಕಾಗದ ಹತ್ತಿರವಿಲ್ಲ, ಹೆಂಡತಿ ತೆಗೆದುಕೊಂಡು ಹೋದಳು ಎನ್ನುತ್ತಾನೆ, ಟೀಚರಮ್ಮ ಬಂದು ವಿಚಾರಿಸಬೇಕು.

ಬೈಂದು ನಡೆದೇ ಹೋದಳು. ವಾಂಡಿ ಬೈಕಿನಲ್ಲಿ ಬಿಡುತ್ತೇನೆಂದರೂ ಒಪ್ಪಲಿಲ್ಲ. ಅಷ್ಟು ದೂರ ನಡೆಯುವ ಹೊತ್ತಾದರೂ ಅವಳಿಗೆ ಬೇಕಾಗಿತ್ತು.

ಹಗ್ಗದ ಆಚೆ ಅವನು ನಿಂತಿದ್ದ. ಬಡಕಲಾಗಿದ್ದ, ಗಡ್ಡ ನರೆತಿತ್ತು. ನಿಲ್ಲುವ ಭಂಗಿ ಮಾತ್ರ ಅದೇ, ಎಡಗಾಲಿನ ಮೇಲೆ ಭಾರ ಹಾಕಿ. ಮುಖಗವಸು, ಕನ್ನಡಕ, ಬೋಳು ತಲೆಯ ಈ ಸರಕಾರಿ ಹೆಂಗಸನ್ನು ಅವನು ಗುರುತಿಸಲಿಲ್ಲ. ಅವನ ಪಾಲಿಗೆ ಬೈಂದು ಸತ್ತು ಎಂಟು ತಿಂಗಳಾಗಿತ್ತಲ್ಲ.

ಅವಳು ಪುಸ್ತಕ ತೆರೆದಳು. ಪ್ರಶ್ನೆಗಳೆಲ್ಲ ಬಾಯಿಪಾಠ. ಅದೇ ಅವಳನ್ನು ಬೀಳದಂತೆ ಹಿಡಿದು ನಿಲ್ಲಿಸಿತ್ತು.

"ಹೆಸರು?"

"ಲಹಾಯ್ ಕಲ್ಲೋನ್."

"ಯಾರನ್ನ ನೋಡೋಕೆ ಬಂದ್ರಿ?"

"ನ್ಯಾಂದೆ. ನನ್ನ ಹೆಂಡತಿ. ಹದಿನಾಲ್ಕು ದಿನ ಆಯ್ತಮ್ಮ. ಹೇಳದೆ ಕೇಳದೆ ಹೊರಟುಹೋದ್ಲು. ಈ ಕಡೆ ಬಂದ್ಲು ಅಂತ ದೋಣಿಯೋನು ಇವತ್ತು ಹೇಳಿದ."

"ಈ ಊರಲ್ಲಿ ನಿಮ್ಮೋರು ಬೇರೆ ಯಾರಾದ್ರೂ..." ಅವಳ ದನಿ ಒಡೆಯಿತು. ಮುಖಗವಸು ಅದನ್ನು ಮುಚ್ಚಿತು.

"ಇದ್ರು. ಯಾರೂ ಉಳಿದಿಲ್ಲ. ಅದಕ್ಕೇ ಕೇಳ್ತಿದೀನಿ ತಾಯಿ, ಅವಳು ಬರ್ದೇ ಇದ್ರೂ ಪರವಾಗಿಲ್ಲ. ಕೋಪ ಇದ್ರೆ ಇರ್ಲಿ. ಮಗೂನ ಮಾತ್ರ ಕೊಟ್ಬಿಡು ಅಂತ ಹೇಳಿ."

ಬೈಂದುವಿನ ಪೆನ್ನು ನಿಂತಿತು.

"ಯಾವ ಮಗು?"

"ನನ್ನ ಮಗಳು. ಮೊದಲನೇ ಹೆಂಡತೀದು. ಮನೇಲಿ ಎಲ್ಲರೂ ಹೋದ್ರು, ಅದೊಂದು ಉಳೀತು, ಅದಕ್ಕೆ ಜ್ವರಾನೇ ತಗಲಿರಲಿಲ್ಲ. ಇನ್ನೂ ಎರಡು ವರ್ಷ ತುಂಬಿಲ್ಲ. ನ್ಯಾಂದೆ ಬೆನ್ನಿಗೆ ಕಟ್ಕೊಂಡು ಬಂದ್ಲಂತೆ, ಎಲೆ ಅಚ್ಚಿನ ಒಂದು ಕಂದು ಬಟ್ಟೇಲಿ. ಕೇಮಾ ಅಂತ ಹೆಸರು. ನೋಡಿದ್ರಾ ತಾಯಿ?"

ತಲೆಗೆ ಅಗಲ, ಸೊಂಟಕ್ಕೆ ಕಿರಿದು. ಕೂಸನ್ನು ಬೆನ್ನಿಗೆ ಕಟ್ಟುವ ಬಟ್ಟೆ. ಪುಟ್ಟ ಬಟ್ಟಲು, ಹಿಸುಕಿದ ಅನ್ನ, ಪುಟ್ಟ ಚಮಚ. ಜ್ವರ ಬಂದವಳ ಬೆನ್ನಿಗಂಟಿಕೊಂಡು ಬಂದ ಮಗು, ಮೂರು ದಿನ ಅವಳ ಪಕ್ಕದಲ್ಲೇ ಮಲಗಿದ ಮಗು, ಈ ಊರಿನ ಯಾವುದೋ ಮನೆಯೊಳಗೆ ಇದೆ. ಅದಕ್ಕೂ ಇವತ್ತು ಹನ್ನೊಂದನೆಯ ದಿನ. ಆಂಬುಲೆನ್ಸ್ ಹತ್ತಿದ ಮಕ್ಕಳು ಮರಳಿ ಬರುವುದಿಲ್ಲವೆಂದು ಹೆದರಿ ಮಾಮಾ ತೆನ್ನೆ ಅದನ್ನು ಬಚ್ಚಿಟ್ಟಿದ್ದರು. ಎಲ್ಲಿ ಎಂದು ಬಲ್ಲವರು ಅವರೊಬ್ಬರೇ.

ಬೈಂದು ತಿರುಗಿ ರಸ್ತೆಯ ಕಡೆ ನೋಡಿದಳು. ಜಿಲ್ಲಾ ಊರಿನ ಕಡೆ ಹೋದ ಆಂಬುಲೆನ್ಸಿನ ಕೆಂಪು ಧೂಳು ಆಗಲೇ ಕೆಳಗೆ ಕೂತಿತ್ತು. ಪುಸ್ತಕದಲ್ಲಿ ಕಾಡಿಯ ಹೆಸರಿನ ಕೆಳಗೆ ನಾಲ್ಕನೆಯ ಸಾಲು ಖಾಲಿಯಿತ್ತು. ಅದರಲ್ಲಿ ಅವಳು ಮಗಳ ಹೆಸರು ಬರೆದಳು. ಮನೆ ಎಂಬಲ್ಲಿ ಏನು ಬರೆಯಬೇಕೆಂದು ಗೊತ್ತಾಗಲಿಲ್ಲ.